ಬೇರೆಯವರ ನಂಬಿಕೆಯನ್ನು ಎಲ್ಲಿಯವರೆಗೆ ಸಹಿಸಬೇಕು, ಎಲ್ಲಿ ಸಾಕು ಅನ್ನಬೇಕು

ರೂಮ್ ಹಂಚಿಕೊಂಡು ಇದ್ದ ದಿನಗಳ ಮಾತು. ಜೊತೆಗಿದ್ದವನು ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಪ್ರಾರ್ಥನೆಗೆ ಏಳುತ್ತಿದ್ದ. ನಾನು ಮಲಗುತ್ತಿದ್ದದ್ದೇ ರಾತ್ರಿ ಒಂದು ಗಂಟೆಗೆ. ಅವನ ಫೋನಿನ ಅಲಾರಂ ಮೊದಲ ಸಲ ಬಡಿದಾಗ ಏಳುತ್ತಿದ್ದದ್ದು ನಾನು, ಎರಡನೇ ಸಲಕ್ಕೆ ಅವನು. ಎರಡು ತಿಂಗಳು ಸುಮ್ನೆ ಇದ್ದೆ. ಹಲ್ಲು ಕಚ್ಚಿಕೊಂಡು, ನಾನೆಷ್ಟು ದೊಡ್ಡ ಮನಸ್ಸಿನವನು ಅಂತ ಒಳಗೊಳಗೇ ಬೆನ್ನು ತಟ್ಟಿಕೊಂಡು. ಒಂದು ದಿನ ಕಟ್ಟೆ ಒಡೆಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಆದರೆ ಅದರಲ್ಲಿ ಅಲಾರಂ ಬಗ್ಗೆ ಒಂದು ಮಾತೂ ಇರಲಿಲ್ಲ. ಇದ್ದದ್ದೆಲ್ಲ ಅವನ ದೇವರ ಬಗ್ಗೆ.

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಸದ್ದಿಗೆ ತೊಂದರೆ ಆಗ್ತಿದೆ ಅಂತ ಮೊದಲೇ ಹೇಳಬಾರದಿತ್ತಾ? ವೈಬ್ರೇಷನ್‌ಗೆ ಹಾಕಿ ದಿಂಬಿನ ಕೆಳಗೆ ಇಟ್ಟುಕೊಳ್ತಿದ್ದೆ" ಅಂದ. ಮರುದಿನದಿಂದ ಹಾಗೇ ಮಾಡಿದ. ಅಲಾರಂ ಸಮಸ್ಯೆ ಐದು ಸೆಕೆಂಡಿನಲ್ಲಿ ಮುಗಿಯಿತು. ನಾನು ಆಡಿದ ಮಾತು ಮಾತ್ರ ಮುಗಿಯಲಿಲ್ಲ. ಆಮೇಲೆ ಒಂದು ವರ್ಷ ಜೊತೆಗಿದ್ದೆವು, ಅವನು ನನ್ನ ಎದುರು ಮತ್ತೆ ಪ್ರಾರ್ಥನೆ ಮಾಡಲಿಲ್ಲ. ಚಳಿಯಲ್ಲೂ ಬಾಲ್ಕನಿಗೆ ಹೋಗುತ್ತಿದ್ದ.

ಅವನ ಧರ್ಮ ಯಾವುದು ಅಂತ ಬೇಕಂತಲೇ ಬರೆದಿಲ್ಲ. ಬರೆದ ಕೂಡಲೇ ಓದುವವರಲ್ಲಿ ಅರ್ಧ ಜನ ಅವನ ಕಡೆ, ಅರ್ಧ ಜನ ನನ್ನ ಕಡೆ ಆಗಿಬಿಡುತ್ತೀರಿ. ಈ ಬರಹದ ಉದ್ದಕ್ಕೂ ನಮ್ಮ ಸುತ್ತಲಿನವರ ಕಥೆ ಬಂದಲ್ಲೆಲ್ಲ ಹೀಗೇ ಮಾಡುತ್ತೇನೆ.

ಮೊದಲು ವಾಕ್ಯದಿಂದ ದೇವರನ್ನು ತೆಗೆಯಿರಿ

ಯಾರದ್ದಾದರೂ ಆಚರಣೆಯಿಂದ ಕಿರಿಕಿರಿ ಆಗುತ್ತಿದೆ ಅಂದರೆ, ಆ ಕಿರಿಕಿರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಅದರಿಂದ ದೇವರು, ಧರ್ಮ, ಪೂಜೆ, ಪ್ರಾರ್ಥನೆ ಎಲ್ಲ ತೆಗೆದುಹಾಕಿ. ಏನು ಉಳಿಯಿತು ನೋಡಿ. "ಬೆಳಗಿನ ಜಾವ ಸದ್ದು ಬರುತ್ತಿದೆ." "ಮೆಟ್ಟಿಲಲ್ಲಿ ದಾರಿ ಇಲ್ಲ." "ಹೊಗೆಗೆ ನನ್ನ ಉಬ್ಬಸ ಜಾಸ್ತಿ ಆಗುತ್ತಿದೆ." ಹೀಗೆ ಏನಾದರೂ ಉಳಿದರೆ ನಿಮ್ಮದು ಧರ್ಮದ ತಕರಾರೇ ಅಲ್ಲ, ಸದ್ದಿನದ್ದು, ಜಾಗದ್ದು, ಹೊಗೆಯದ್ದು. ಅದನ್ನು ಅದರ ಹೆಸರಿನಲ್ಲೇ ಹೇಳಿ. ಹುಟ್ಟುಹಬ್ಬದ ಪಾರ್ಟಿಯ ಸದ್ದಿಗೆ ಹೇಗೆ ಹೇಳುತ್ತಿದ್ದಿರೋ ಹಾಗೆ. ಪಾರ್ಟಿಯವರಿಗಿಂತ ಬಿಗಿಯಾಗಿಯೂ ಬೇಡ, ಅಳುಕಿ ಅಳುಕಿಯೂ ಬೇಡ.

ಏನೂ ಉಳಿಯಲಿಲ್ಲವಾ? "ಅವರು ಹಾಗೆ ನಂಬುತ್ತಾರಲ್ಲ, ಅದೇ ನನಗೆ ಆಗಲ್ಲ" ಅನ್ನುವುದಷ್ಟೇ ಕೈಗೆ ಸಿಕ್ಕಿತಾ? ಹಾಗಾದರೆ ಸಹಿಸುವ ಕೆಲಸ ಶುರುವಾಗುವುದು ಇಲ್ಲಿಂದ.

ಸಹಿಸುವುದು ಅಂದರೇನು ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ನಿಮಗೆ ಇಷ್ಟವಾದದ್ದನ್ನು ಸಹಿಸಬೇಕಾಗಿಲ್ಲ. ನಿಮಗೆ ಸಂಬಂಧವೇ ಇಲ್ಲದ್ದನ್ನೂ ಸಹಿಸಬೇಕಾಗಿಲ್ಲ, ಅದು ಬರೀ ಉದಾಸೀನ. ತಪ್ಪು ಅಂತ ಗಟ್ಟಿಯಾಗಿ ಅನ್ನಿಸಿದ ಮೇಲೂ, ತಡೆಯುವ ಶಕ್ತಿ ನಿಮಗಿದ್ದರೂ, ಕೈ ಕಟ್ಟಿಕೊಂಡು ಇರುತ್ತೀರಲ್ಲ, ಆಗ ಮಾತ್ರ ಅದು ಸಹನೆ. ನಮ್ಮ ಭಾಷೆಗೆ ಇದು ಹೊಸ ಮಾತಲ್ಲ. ಕನ್ನಡದಲ್ಲಿ ಈಗ ಸಿಗುವ ಅತ್ಯಂತ ಹಳೆಯ ಗ್ರಂಥ 9ನೇ ಶತಮಾನದ ಕವಿರಾಜಮಾರ್ಗ. ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸಬಲ್ಲವನಾದರೆ ಅದೇ ಕಸವರ, ಅಂದರೆ ಚಿನ್ನ, ಅನ್ನುತ್ತದೆ ಅದು. ಅಲ್ಲಿರುವ ಪದ ನೋಡಿ. ಮೆಚ್ಚು ಅನ್ನಲಿಲ್ಲ, ಒಪ್ಪಿಕೋ ಅನ್ನಲಿಲ್ಲ. ಸೈರಿಸು ಅಂತಿದೆ. ಹೊರೆ ಹೊತ್ತವನಿಗೆ ಹೇಳುವ ಮಾತು ಅದು.

ಹಾಗಾಗಿ "ಎಲ್ಲ ಧರ್ಮಗಳೂ ಒಂದೇ ತಾನೇ" ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಒಂದೇ ಅಲ್ಲ. ಒಬ್ಬರು ದೇವರು ಒಬ್ಬನೇ ಅಂತಾರೆ, ಇನ್ನೊಬ್ಬರು ಹಲವರು ಅಂತಾರೆ, ಮತ್ತೊಬ್ಬರು ಇಲ್ಲವೇ ಇಲ್ಲ ಅಂತಾರೆ. ಸತ್ತ ಮೇಲೆ ಏನು ಅನ್ನುವುದಕ್ಕೆ ಒಬ್ಬೊಬ್ಬರದ್ದು ಒಂದೊಂದು ಉತ್ತರ, ಒಂದು ನಿಜವಾದರೆ ಇನ್ನೊಂದು ಸುಳ್ಳಾಗುವಂಥ ಉತ್ತರ. ಎಲ್ಲ ಒಂದೇ ಅಂದವರು ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಂಡಿಲ್ಲ ಅಂತಲೇ ನನ್ನ ಲೆಕ್ಕ. ಒಂದೇ ಆಗಿದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಮಾತು. ಗೌರವ ಮನುಷ್ಯನಿಗೆ ಕೊಡಿ, ಅವನ ಪ್ರತಿಯೊಂದು ನಂಬಿಕೆಗೂ ಕೊಡಬೇಕು ಅಂತೇನಿಲ್ಲ. ಭೂಮಿ ಆರು ಸಾವಿರ ವರ್ಷ ಹಳೆಯದು ಅಂತ ನಂಬುವ ಗೆಳೆಯನ ಜೊತೆ ನೀವು ಊಟ ಮಾಡಬಹುದು, ಅವನ ಮಗಳ ಮದುವೆಯಲ್ಲಿ ಓಡಾಡಬಹುದು, ಅವನಿಗೆ ಸಾಲ ಕೊಡಬಹುದು. ಅವನು ಕೇಳಿದಾಗ "ಇಲ್ಲ ಕಣೋ, ನಾಲ್ಕೂವರೆ ಶತಕೋಟಿ ವರ್ಷ" ಅಂತಲೂ ಹೇಳಬಹುದು. ಇವೆಲ್ಲ ಒಟ್ಟಿಗೆ ಇರಲು ಸಾಧ್ಯ.

ಬಿಲ್ ಯಾರು ಕಟ್ಟುತ್ತಿದ್ದಾರೆ?

ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ನಾನು ವರ್ಷಗಟ್ಟಲೆ ದೊಡ್ಡ ದೊಡ್ಡ ಸೂತ್ರ ಹುಡುಕಿ, ಕೊನೆಗೆ ಈ ಒಂದು ಪ್ರಶ್ನೆಗೆ ಬಂದು ನಿಂತಿದ್ದೇನೆ. ಪ್ರತಿ ನಂಬಿಕೆಗೂ ಒಂದು ಖರ್ಚಿದೆ. ಉಪವಾಸಕ್ಕೆ ಹಸಿವು, ಪ್ರಾರ್ಥನೆಗೆ ನಿದ್ದೆ, ದಾನಕ್ಕೆ ದುಡ್ಡು, ವ್ರತಕ್ಕೆ ಆಸೆ. ಆ ಖರ್ಚನ್ನು ನಂಬುವವರೇ ಭರಿಸುತ್ತಿದ್ದರೆ ನಿಮಗೇನು ತೊಂದರೆ? ಸಹಿಸಿ. ನಂಬದವರ, ಒಪ್ಪದವರ, ಅಥವಾ ಒಪ್ಪಲು ಇನ್ನೂ ವಯಸ್ಸೇ ಆಗದವರ ತಲೆಗೆ ಆ ಬಿಲ್ ಬೀಳುತ್ತಿದ್ದರೆ, ಅಲ್ಲಿ ನಿಲ್ಲಿ. ಬಿಲ್ ಎಷ್ಟು ದೊಡ್ಡದು ಅಂತ ನೋಡಿ.

ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಇದನ್ನೇ ತಮಾಷೆಯಾಗಿ ಹೇಳಿದ್ದ. ನನ್ನ ನೆರೆಯವನು ಇಪ್ಪತ್ತು ದೇವರು ಅಂದರೂ, ದೇವರೇ ಇಲ್ಲ ಅಂದರೂ ನನಗೇನೂ ನಷ್ಟವಿಲ್ಲ, ಅದು ನನ್ನ ಜೇಬಿಗೆ ಕೈ ಹಾಕಲ್ಲ, ಕಾಲೂ ಮುರಿಯಲ್ಲ ಅನ್ನುವುದು ಅವನ ಮಾತಿನ ಸಾರ. ಅಂಥ ಮಾತಾಡಿದವನು ನೂರಾರು ಗುಲಾಮರ ಒಡೆಯನಾಗಿದ್ದ ಅನ್ನುವುದೂ ನೆನಪಿರಲಿ. ಅವನ ಬದುಕಿನ ಬಿಲ್ ಕಟ್ಟುತ್ತಿದ್ದವರು ಅವರೇ.

ಈ ಪ್ರಶ್ನೆಯನ್ನು ಒಂದಷ್ಟು ಕಡೆ ಇಟ್ಟು ನೋಡೋಣ.

ಒಬ್ಬರು ತಮ್ಮ ನಂಬಿಕೆಯಂತೆ ಬಟ್ಟೆ ಹಾಕುತ್ತಾರೆ, ಗಡ್ಡ ಬಿಡುತ್ತಾರೆ, ತಲೆ ಮುಚ್ಚುತ್ತಾರೆ, ಒಂದಿಷ್ಟು ತಿನ್ನಲ್ಲ. ಖರ್ಚು ಅವರದ್ದೇ. ನಿಮಗೆ ವಿಚಿತ್ರ ಅನ್ನಿಸಿದರೆ ಅನ್ನಿಸಲಿ ಬಿಡಿ. ಇದಕ್ಕೆ ಒಂದು ಪ್ಯಾರಾ ಕೂಡ ಜಾಸ್ತಿಯೇ.

ಆಫೀಸಿನ ಕಥೆ ಸ್ವಲ್ಪ ಸಿಕ್ಕು. ಒಬ್ಬರಿಗೆ ವಾರದ ಒಂದು ದಿನ ಪವಿತ್ರ, ಆ ದಿನ ಅವರು ಕೆಲಸ ಮಾಡಲ್ಲ. ಆ ಪಾಳಿ ಯಾರೋ ಮಾಡಲೇಬೇಕು. ಬಿಲ್ ಸಹೋದ್ಯೋಗಿಗೆ ಹೋಯಿತು, ನಿಜ. ಆದರೆ ಎಷ್ಟು? ಅದಲುಬದಲು ಮಾಡಿಕೊಂಡರೆ ಸರಿಹೋಗುವಷ್ಟಾ? ಅಮೆರಿಕದ ಸುಪ್ರೀಂ ಕೋರ್ಟಿಗೆ ಭಾನುವಾರ ಕೆಲಸ ಮಾಡಲ್ಲ ಅಂದ ಅಂಚೆ ನೌಕರನೊಬ್ಬನ ಇಂಥದ್ದೇ ಪ್ರಕರಣ ಹೋಗಿತ್ತು. 2023ರಲ್ಲಿ ಕೋರ್ಟು ಒಮ್ಮತದಿಂದ ಹೇಳಿದ್ದು ಇಷ್ಟು: ಸಣ್ಣಪುಟ್ಟ ತೊಂದರೆ ಇದೆ ಅಂತ ಮಾಲೀಕರು ಕೈಚೆಲ್ಲುವ ಹಾಗಿಲ್ಲ, ತಮ್ಮ ವ್ಯವಹಾರಕ್ಕೆ ಗಣನೀಯ ಹೊರೆ ಬೀಳುತ್ತದೆ ಅಂತ ತೋರಿಸಬೇಕು. ಇನ್ನೂ ಒಂದು ಮಾತು ಸೇರಿಸಿತು, ನನಗೆ ಬಹಳ ಹಿಡಿಸಿದ್ದು ಅದು. ಉಳಿದ ನೌಕರರಿಗೆ ಆ ಧರ್ಮವೇ ಇಷ್ಟವಿಲ್ಲ ಅನ್ನುವುದು ಹೊರೆಯ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಟೀಮಿನಲ್ಲೂ ಹೀಗೆ ಲೆಕ್ಕ ಹಾಕಬಹುದು. ಪಾಳಿ ಬದಲಿಸಿದ್ದಕ್ಕೆ ಮೈ ಉರಿಯುತ್ತಿದೆಯಾ, ಅಥವಾ ನಿಜಕ್ಕೂ ಮೂರು ವಾರದಿಂದ ನಿಮಗೊಬ್ಬರಿಗೇ ರಜೆ ಸಿಕ್ಕಿಲ್ಲವಾ? ಎರಡನೆಯದಾದರೆ ಮ್ಯಾನೇಜರ್ ಹತ್ತಿರ ಹೋಗಿ, ಆ ಸಹೋದ್ಯೋಗಿಯ ಹತ್ತಿರ ಅಲ್ಲ. ಪಾಳಿ ಹಂಚುವುದು ಮ್ಯಾನೇಜರ್ ಕೆಲಸ.

ಕಷ್ಟದ ಕೇಸು ಆಸ್ಪತ್ರೆಯದ್ದು. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದವರು ರಕ್ತ ಹಾಕಿಸಿಕೊಳ್ಳುವುದಿಲ್ಲ, ಪ್ರಾಣ ಹೋದರೂ. ಬುದ್ಧಿ ನೆಟ್ಟಗಿರುವ, ವಯಸ್ಸಿಗೆ ಬಂದ ಒಬ್ಬರು ಎಲ್ಲ ತಿಳಿದು ಬೇಡ ಅಂದರೆ ಹಲವು ದೇಶಗಳ ಕಾನೂನು ಅದನ್ನು ಒಪ್ಪುತ್ತದೆ, ವೈದ್ಯರೂ ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ನೋಡಲು ಸಂಕಟ. ಆದರೆ ಬಿಲ್ ಅವರದ್ದೇ. ಅದೇ ಅಪ್ಪ ಅಮ್ಮ ಮಗುವಿಗೆ ರಕ್ತ ಬೇಡ ಅಂದರೆ? ಕೋರ್ಟುಗಳು ರಾತ್ರೋರಾತ್ರಿ ಆದೇಶ ಕೊಟ್ಟು ರಕ್ತ ಹಾಕಿಸಿದ ಉದಾಹರಣೆಗಳು ಬೇಕಾದಷ್ಟಿವೆ. ನಂಬಿಕೆ ಎರಡೂ ಕಡೆ ಒಂದೇ, ಅಕ್ಷರವೂ ಬದಲಾಗಿಲ್ಲ. ಬದಲಾದದ್ದು ಮಂಚದ ಮೇಲೆ ಯಾರು ಮಲಗಿದ್ದಾರೆ ಅನ್ನುವುದು.

ಇದರ ಬಗ್ಗೆ 1944ರ ಒಂದು ತೀರ್ಪಿನ ವಾಕ್ಯ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಮತ್ತೆ ಅಮೆರಿಕದ ಸುಪ್ರೀಂ ಕೋರ್ಟು, ಮತ್ತೆ ಯೆಹೋವನ ಸಾಕ್ಷಿಗಳು. ಒಂಬತ್ತು ವರ್ಷದ ಹುಡುಗಿಯನ್ನು ಅವಳ ಪಾಲಕಿ ಧಾರ್ಮಿಕ ಪತ್ರಿಕೆ ಹಂಚಲು ರಾತ್ರಿ ಬೀದಿಯಲ್ಲಿ ನಿಲ್ಲಿಸಿದ್ದಳು. ತಂದೆ ತಾಯಿ ಬೇಕಾದರೆ ತಾವು ಹುತಾತ್ಮರಾಗಲಿ, ಆದರೆ ಮಕ್ಕಳು ತಾವೇ ತೀರ್ಮಾನಿಸುವ ವಯಸ್ಸಿಗೆ ಬರುವ ಮೊದಲೇ ಅವರನ್ನು ಹುತಾತ್ಮರನ್ನಾಗಿಸುವ ಸ್ವಾತಂತ್ರ್ಯ ಇಲ್ಲ ಅಂದಿತು ಕೋರ್ಟು. ಪತ್ರಿಕೆ ಹಂಚಿದ್ದಕ್ಕೆ ಹುತಾತ್ಮ ಅನ್ನುವ ಪದ ಸ್ವಲ್ಪ ಜಾಸ್ತಿಯಾಯಿತು ಅಂತ ನನಗೆ ಯಾವಾಗಲೂ ಅನ್ನಿಸಿದೆ. ವಾಕ್ಯ ಮಾತ್ರ ಆ ಪ್ರಕರಣಕ್ಕಿಂತ ದೊಡ್ಡದು.

ಮಕ್ಕಳ ವಿಷಯದಲ್ಲಿ ಇದನ್ನು ಅತಿಗೆ ಒಯ್ಯಬೇಡಿ. ಪಕ್ಕದ ಮನೆಯವರು ಮಗುವಿಗೆ ತಮ್ಮ ದೇವರ ಕಥೆ ಹೇಳಿಕೊಡುತ್ತಾರೆ, ತಮ್ಮ ಪದ್ಧತಿಯಲ್ಲಿ ಬೆಳೆಸುತ್ತಾರೆ, ನೀವು ಬೆಳೆಸಿದ ಹಾಗೆಯೇ. ಅದು ಅವರ ಮನೆ. ಮೂಗು ತೂರಿಸಬೇಕಾದದ್ದು ಔಷಧ ನಿಂತಾಗ, ಶಾಲೆ ನಿಂತಾಗ, ಮೈ ಮೇಲೆ ಬರೆ ಬಿದ್ದಾಗ, ಆಟವಾಡುವ ವಯಸ್ಸಿಗೆ ಮದುವೆ ಗೊತ್ತಾದಾಗ.

ಬಾಗಿಲು ತಳ್ಳಿ ನೋಡಿ

ವಯಸ್ಕರ ಗುಂಪುಗಳಿಗೆ ಬಿಲ್ ಪ್ರಶ್ನೆಯೊಂದೇ ಸಾಲದು. ಒಂದು ಪಂಥಕ್ಕೆ ಸೇರಿದವರು ತಮ್ಮ ದುಡಿಮೆಯೆಲ್ಲ ಗುರುವಿಗೆ ಕೊಡುತ್ತಾರೆ, ಮದುವೆ ಅವರು ಹೇಳಿದಲ್ಲೇ ಆಗುತ್ತಾರೆ ಅಂದುಕೊಳ್ಳಿ. ಖರ್ಚು ಅವರದ್ದೇ, ಅವರೇ ಒಪ್ಪಿದ್ದಾರೆ. ನಿಜಕ್ಕೂ ಒಪ್ಪಿದ್ದಾರಾ? ಇದನ್ನು ತಿಳಿಯಲು ಒಳಗಿರುವವರನ್ನು "ಸುಖವಾಗಿದ್ದೀರಾ" ಅಂತ ಕೇಳಿ ಉಪಯೋಗವಿಲ್ಲ. ಹೊರಗೆ ಬಂದವರಿಗೆ ಏನಾಯಿತು ಅಂತ ನೋಡಿ. ಹೊರಟವರ ಜೊತೆ ಮಾತು ಬಿಟ್ಟರಾ, ದುಡ್ಡು ತಡೆದರಾ, ಮಕ್ಕಳನ್ನು ಕಿತ್ತುಕೊಂಡರಾ, ಹೊಡೆದರಾ? ಬೇಸರ ಮಾಡಿಕೊಳ್ಳುವುದು, ಅಳುವುದು, ಹಬ್ಬಕ್ಕೆ ಕರೆಯದೇ ಇರುವುದು, ಇವು ನೋವಿನ ವಿಷಯ ಆದರೂ ಅವರಿಗೆ ಬಿಟ್ಟದ್ದು. ಬೀಗ, ಬೆದರಿಕೆ, ಹೊಡೆತ ಬಂದರೆ ಅದು ಸಹಿಸುವ ವಿಷಯವಾಗಿ ಉಳಿಯುವುದಿಲ್ಲ.

ಬಾಗಿಲ ಈ ಪ್ರಶ್ನೆ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ವಿಶ್ವಸಂಸ್ಥೆಯಲ್ಲಿ ನಡೆದದ್ದೇ ಸಾಕ್ಷಿ. 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕಾರವಾದಾಗ ಪರವಾಗಿ 48 ಮತ, ವಿರುದ್ಧ ಒಂದೂ ಇಲ್ಲ, 8 ದೇಶಗಳು ತಟಸ್ಥವಾಗಿ ಉಳಿದವು. ಅದರ 18ನೇ ವಿಧಿ ಧರ್ಮ ಬದಲಿಸುವ ಸ್ವಾತಂತ್ರ್ಯವನ್ನು ನೇರವಾಗಿ ಹೆಸರಿಸುತ್ತದೆ. ಸೌದಿ ಅರೇಬಿಯಾ ತಕರಾರು ತೆಗೆದ ಮಾತುಗಳಲ್ಲಿ ಅದೂ ಒಂದು. ಮುಂದೆ 1966ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದ ಬಂದಾಗ "ಬದಲಿಸುವ" ಅನ್ನುವ ಪದ ಮಾಯವಾಗಿ, ತನಗೆ ಬೇಕಾದ ಧರ್ಮವನ್ನು ಹೊಂದುವ ಅಥವಾ ಸ್ವೀಕರಿಸುವ ಅಂತ ಮೆತ್ತಗಾಯಿತು. ಒಳಗೆ ಬಾ ಅನ್ನಲು ಎಲ್ಲರಿಗೂ ಇಷ್ಟ. ಹೊರಗೆ ಹೋಗು ಅನ್ನುವಾಗಲೇ ಗಂಟಲು ಕಟ್ಟುವುದು.

ಆ ಒಪ್ಪಂದದ 18ನೇ ವಿಧಿಯಲ್ಲಿ ನಮಗೆ ಬೇಕಾದ ಇನ್ನೊಂದು ಉಪಯೋಗದ ವಿಷಯ ಇದೆ. ನಂಬುವುದು ಬೇರೆ, ನಂಬಿಕೆಯನ್ನು ಆಚರಣೆಗೆ ತರುವುದು ಬೇರೆ. ತಲೆಯೊಳಗಿನ ನಂಬಿಕೆಗೆ ಯಾವ ಸರ್ಕಾರವೂ ಕಡಿವಾಣ ಹಾಕುವಂತಿಲ್ಲ. ಆಚರಣೆಗೆ ಹಾಕಬಹುದು, ಅದೂ ಕಾನೂನಿನ ಮೂಲಕ ಮಾತ್ರ, ಮತ್ತು ಸುರಕ್ಷತೆ, ಸುವ್ಯವಸ್ಥೆ, ಆರೋಗ್ಯ, ನೈತಿಕತೆ, ಇತರರ ಮೂಲಭೂತ ಹಕ್ಕುಗಳು, ಇವನ್ನು ಕಾಯಲು ಅಗತ್ಯವಿದ್ದಷ್ಟೇ. "ಬಹುಮತದವರ ಮನಸ್ಸಿಗೆ ನೋವಾಯಿತು" ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ.

ಗೆರೆ ದಾಟಿದಂತೆ ಕಾಣುವ, ಆದರೆ ದಾಟದ ಸಂಗತಿಗಳು

ನೀವು ನರಕಕ್ಕೆ ಹೋಗುತ್ತೀರಿ ಅಂತ ಯಾರೋ ನಂಬುತ್ತಾರೆ. ನಂಬಲಿ. ನಿಮ್ಮ ಟಿಕೆಟ್ ಅವರ ಕೈಯಲ್ಲಿಲ್ಲ.

ನಿಮ್ಮ ಮನೆಗೆ ಬಂದು ತಮ್ಮ ಧರ್ಮದ ಬಗ್ಗೆ ಹೇಳುತ್ತಾರೆ. ಬೇಡ ಅಂದರೆ ಹೋಗುತ್ತಾರಾ? ಹೋದರೆ ಮುಗಿಯಿತು. ಪದೇ ಪದೇ ಬರುವ ನೆಂಟರಿಗೆ ನಾನು ಬಳಸಿದ ಮಾತು ಇದು: "ಒಂದು ಸಲ ಪೂರ್ತಿ ಕೇಳುತ್ತೇನೆ, ನಡುವೆ ಬಾಯಿ ಹಾಕಲ್ಲ. ಅದಾದ ಮೇಲೆ ಮತ್ತೆ ಈ ವಿಷಯ ಎತ್ತಬಾರದು, ಒಪ್ಪಿಗೆಯಾ?" ಮುಕ್ಕಾಲು ಗಂಟೆ ಕೂತು ಕೇಳಿದೆ, ಫೋನ್ ಮುಟ್ಟಲಿಲ್ಲ. ಆಮೇಲೆ ಅವರು ನಿಜಕ್ಕೂ ಎತ್ತಲಿಲ್ಲ. ಬಹಳ ಸಲ ಜನರಿಗೆ ಬೇಕಾದದ್ದು ಯಾರಾದರೂ ಪೂರ್ತಿ ಕೇಳಿಸಿಕೊಳ್ಳುವುದು, ಅಷ್ಟೇ.

ನಿಮ್ಮ ದೇವರನ್ನು, ಅಥವಾ ದೇವರಿಲ್ಲ ಅನ್ನುವ ನಿಮ್ಮ ನಿಲುವನ್ನು ಯಾರೋ ಟೀಕಿಸುತ್ತಾರೆ, ಗೇಲಿ ಮಾಡುತ್ತಾರೆ. ಉರಿಯುತ್ತದೆ, ಗೊತ್ತು. ಆದರೂ ಇದು ಗೆರೆಯ ಈಚೆಯೇ. "ಆ ನಂಬಿಕೆ ಮೂರ್ಖತನ" ಅನ್ನುವುದು ಮಾತು, "ಆ ನಂಬಿಕೆಯವರನ್ನು ಓಡಿಸಿ" ಅನ್ನುವುದು ಬೇರೆಯೇ ವರ್ಗದ್ದು. ಎರಡರ ನಡುವೆ ಎಲ್ಲೋ ಇದೆ ಅನ್ನಿಸಿದಾಗ ಏನು ಮಾಡುವುದು? ವಿಶ್ವಸಂಸ್ಥೆಯ ಆಶ್ರಯದಲ್ಲಿ ದ್ವೇಷ ಕೆರಳಿಸುವ ಮಾತುಗಳ ಬಗ್ಗೆ 2012ರಲ್ಲಿ ರೂಪಿಸಿದ ರಬಾತ್ ಕ್ರಿಯಾಯೋಜನೆ ಆರು ಅಂಶ ತೂಗಿ ನೋಡಲು ಹೇಳುತ್ತದೆ. ಆ ಹೊತ್ತಿನ ಸನ್ನಿವೇಶ ಏನು, ಹೇಳಿದವರು ಯಾರು, ಉದ್ದೇಶ ಏನು, ಏನು ಹೇಳಿದರು ಮತ್ತು ಹೇಗೆ ಹೇಳಿದರು, ಎಷ್ಟು ಜನಕ್ಕೆ ತಲುಪಿತು, ಅದರಿಂದ ಹಾನಿ ಆಗುವ ಸಂಭವ ಎಷ್ಟು. ಇದು ಶಿಕ್ಷೆ ಕೊಡುವ ಮಟ್ಟದ ಮಾತುಗಳಿಗೆ ಇರುವ ತಕ್ಕಡಿ, ಆದರೆ ಮನೆಯಲ್ಲೂ ಬಳಸಬಹುದು. ಚಹಾ ಕುಡಿಯುತ್ತಾ ಅಜ್ಜ ಗೊಣಗಿದ್ದೂ, ಸಿಟ್ಟಿನಲ್ಲಿರುವ ಗುಂಪಿನ ಎದುರು ಮೈಕ್ ಹಿಡಿದು ನಾಯಕ ಕೂಗಿದ್ದೂ, ಪದ ಅದೇ ಇದ್ದರೂ, ಒಂದೇ ಅಲ್ಲ.

ಆಗಿದೆಯಾ, ಆಗಬಹುದು ಅನ್ನಿಸಿದೆಯಾ?

ಗೆರೆ ಎಳೆಯುವಾಗ ಎಷ್ಟೋ ಬುದ್ಧಿವಂತರು ಎಡವಿದ್ದು ಇಲ್ಲಿ. 1689ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಸಹಿಷ್ಣುತೆಯ ಪರವಾಗಿ ಬರೆದ ಪತ್ರ ಬಹಳ ಪ್ರಸಿದ್ಧ. ಕತ್ತಿ ಹಿಡಿದು ಯಾರನ್ನೂ ನಂಬಿಸಲಾಗದು ಅನ್ನುವ ಅವನ ವಾದಕ್ಕೆ ಇವತ್ತಿಗೂ ಬೆಲೆ ಇದೆ. ಆದರೆ ಅದೇ ಪತ್ರದಲ್ಲಿ ನಾಸ್ತಿಕರನ್ನು ಸಹಿಸಬೇಕಾಗಿಲ್ಲ ಅಂದ. ದೇವರನ್ನು ನಂಬದವನ ಆಣೆ ಪ್ರಮಾಣಕ್ಕೆ ಏನು ಬೆಲೆ ಅಂತ ಅವನ ತರ್ಕ. ಬೇರೆ ದೇಶದ ದೊರೆಗೆ ನಿಷ್ಠೆ ಇರುವ ಮತದವರಿಗೂ ಬಾಗಿಲು ಹಾಕಿದ. ಕ್ಯಾಥೊಲಿಕ್ಕರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಅಂತ ಓದಿದವರು ಬಹಳ. ಅವರು ಏನು ಮಾಡಿದರು ಅಂತ ಅವನು ನೋಡಲಿಲ್ಲ, ಏನು ಮಾಡಿಯಾರು ಅಂತ ಊಹಿಸಿ ಗೆರೆ ಎಳೆದ.

ಊಹೆ ಗಾಳಿಸುದ್ದಿಯ ಜೊತೆ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಫ್ರಾನ್ಸಿನ ತುಲೂಸ್ ನಗರದ ಜಾನ್ ಕಾಲಾಸ್ ಕಥೆ ಸಾಕು. ಅವನು ಪ್ರೊಟೆಸ್ಟಂಟ್ ವ್ಯಾಪಾರಿ, ಊರು ಕ್ಯಾಥೊಲಿಕ್. 1761ರಲ್ಲಿ ಅವನ ಮಗ ಮನೆಯಲ್ಲೇ ಸತ್ತುಬಿದ್ದಿದ್ದ. ಮಗ ಕ್ಯಾಥೊಲಿಕ್ ಆಗಲು ಹೊರಟಿದ್ದ, ಅದಕ್ಕೇ ಅಪ್ಪ ಕೊಂದ ಅಂತ ಯಾರೋ ಕೂಗಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಊರೆಲ್ಲ ನಂಬಿತು. 1762ರ ಮಾರ್ಚಿನಲ್ಲಿ ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಫ್ರೆಂಚ್ ಲೇಖಕ ವೊಲ್ಟೇರ್ ಹಟ ಹಿಡಿದು ಹೋರಾಡಿದ ಮೇಲೆ 1765ರಲ್ಲಿ ಅವನು ನಿರಪರಾಧಿ ಅಂತ ತೀರ್ಪಾಯಿತು. ಆ ಊರಿನವರು ಕೆಟ್ಟವರು ಅಂತ ನನಗೆ ಅನ್ನಿಸಲ್ಲ. "ಆ ಮತದವರು ಹಾಗೇ" ಅನ್ನುವುದು ಅವರ ತಲೆಯಲ್ಲಿ ಮೊದಲೇ ಕೂತಿತ್ತು, ಸುದ್ದಿ ಬಂದು ಅದರ ಪಕ್ಕದಲ್ಲೇ ಸರಿಯಾಗಿ ಕೂತಿತು. ಫೋನಿಗೆ ಬರುವ ಫಾರ್ವರ್ಡ್‌ಗಳೂ ಹೀಗೇ ಕೂರುತ್ತವೆ. ಅಂಥದ್ದು ಬಂದಾಗ, ನಿಮಗೆ ಅದು ತಟ್ಟನೆ ನಿಜ ಅನ್ನಿಸಿದರೆ, ಆ ತಟ್ಟನೆಯನ್ನೇ ಅನುಮಾನಿಸಿ.

ಇದಕ್ಕೆ ನನ್ನ ಹತ್ತಿರ ಒಂದು ಅಭ್ಯಾಸ ಇದೆ. ಸುದ್ದಿಯಲ್ಲಿ ಇರುವ ಧರ್ಮದ ಹೆಸರು ತೆಗೆದು ನನ್ನ ಧರ್ಮದ ಹೆಸರು ಹಾಕಿ ಓದುತ್ತೇನೆ. ಆಗ "ಛೇ, ಯಾರೋ ಒಬ್ಬ ಹೀಗೆ ಮಾಡಿದರೆ ಎಲ್ಲರನ್ನೂ ಅನ್ನುವುದಾ" ಅಂತ ನಾಲಿಗೆ ತುದಿಗೆ ಬಂದರೆ, ಅದೇ ಮಾತು ಮೂಲ ಸುದ್ದಿಗೂ ಸಲ್ಲಬೇಕು. ಹೇಳುವಷ್ಟು ಸುಲಭ ಅಲ್ಲ ಇದು. ಪಕ್ಕದ ಎಲೆಯ ನೊಣ ಕಾಣುವ ಕಣ್ಣಿಗೆ ತನ್ನ ಎಲೆಯ ಹೆಗ್ಗಣ ಕಾಣುವುದಿಲ್ಲವಲ್ಲ. ಹಾಗೇ ತಿರುಗಿಸಿ ಒಂದು ಪ್ರಶ್ನೆ ಕೇಳಿಕೊಳ್ಳಿ: ನನ್ನ ಮಗಳು ನಾಳೆ ನನ್ನ ನಂಬಿಕೆ ಬಿಟ್ಟೆ ಅಂದರೆ, ಮನೆಯ ಬಾಗಿಲು ಹೇಗಿರುತ್ತದೆ? ಉತ್ತರ ನನಗೆ ಹೇಳಬೇಡಿ.

ಸಹಿಸದವರನ್ನು ಸಹಿಸಬೇಕಾ?

ಈ ಪ್ರಶ್ನೆ ಬಂದ ಕೂಡಲೇ ತತ್ವಜ್ಞಾನಿ ಕಾರ್ಲ್ ಪಾಪ್ಪರ್ ಹೆಸರು ಬರುತ್ತದೆ. ಎಲ್ಲೆ ಇಲ್ಲದ ಸಹನೆ ಕೊನೆಗೆ ಸಹನೆಯನ್ನೇ ನುಂಗುತ್ತದೆ ಅಂತ ಅವನು 1945ರ ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಬರೆದ. ಜನ ಅಷ್ಟನ್ನು ಮಾತ್ರ ಎತ್ತಿಕೊಂಡು, ತಮಗೆ ಆಗದವರ ಬಾಯಿ ಮುಚ್ಚಿಸಲು ಪರವಾನಗಿ ಸಿಕ್ಕಿತು ಅಂದುಕೊಳ್ಳುತ್ತಾರೆ. ಅದೇ ಅಡಿಟಿಪ್ಪಣಿಯ ಮುಂದಿನ ಸಾಲುಗಳನ್ನು ಓದುವುದಿಲ್ಲ. ವಾದದಿಂದ ಎದುರಿಸಲು ಸಾಧ್ಯವಿರುವವರೆಗೆ, ಜನಾಭಿಪ್ರಾಯ ಅವರನ್ನು ಹದ್ದುಬಸ್ತಿನಲ್ಲಿ ಇಡುವವರೆಗೆ, ಅಂಥವರನ್ನು ಹತ್ತಿಕ್ಕುವುದು ಅವಿವೇಕ ಅಂತಲೂ ಅವನೇ ಬರೆದಿದ್ದಾನೆ. ವಾದಕ್ಕೆ ಮುಷ್ಟಿಯಿಂದ, ಪಿಸ್ತೂಲಿನಿಂದ ಉತ್ತರಿಸಿ ಅಂತ ಅವರು ತಮ್ಮವರಿಗೆ ಕಲಿಸಲು ಹೊರಟಾಗ ಮಾತು ಬೇರೆ.

ಹಾಗಾಗಿ, ನಿಮ್ಮ ಜೊತೆ ವಾದಿಸಲು ಬಂದವನು ಎಷ್ಟೇ ಕಟ್ಟರ್ ಇರಲಿ, ವಾದಿಸಲು ಬಂದಿದ್ದಾನಲ್ಲ. ಕೂರಿಸಿ. ಕೈ ಎತ್ತಿದವನಿಗೆ ಇದು ಅನ್ವಯಿಸದು, ಅಲ್ಲಿಂದ ಎದ್ದು ಹೋಗಿ, ಪೊಲೀಸರಿಗೆ ಫೋನ್ ಮಾಡಿ.

ನಿಜಕ್ಕೂ ದಾಟಿದಾಗ

ಇಲ್ಲಿ ಸಲಹೆ ಕೊಡುವುದಕ್ಕಿಂತ ನಾನೇ ತಪ್ಪು ಮಾಡಿದ ಒಂದು ಘಟನೆ ಹೇಳುತ್ತೇನೆ.

ಹತ್ತಿರದ ಪರಿಚಯದ ಮನೆ. ಹನ್ನೊಂದು ವರ್ಷದ ಹುಡುಗನಿಗೆ ಟೈಪ್ ಒಂದು ಸಕ್ಕರೆ ಕಾಯಿಲೆ. ಅದು ದೊಡ್ಡವರಿಗೆ ಬರುವ ಸಾಮಾನ್ಯ ಸಕ್ಕರೆ ಕಾಯಿಲೆ ಅಲ್ಲ, ಮೈ ಇನ್ಸುಲಿನ್ ಮಾಡುವುದನ್ನೇ ಹೆಚ್ಚುಕಮ್ಮಿ ನಿಲ್ಲಿಸಿರುತ್ತದೆ, ಸೂಜಿ ತಪ್ಪಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಆ ಮನೆಯ ಯಜಮಾನ ಒಂದು ಪ್ರಾರ್ಥನಾ ಸಭೆಗೆ ಹೋಗಿ ಬಂದವನು, ಮಗ ಗುಣವಾಗಿದ್ದಾನೆ ಅಂತ ಸೂಜಿ ನಿಲ್ಲಿಸಿದ. ನಾನು ಹೋದಾಗ ಎರಡನೇ ದಿನ. ಹುಡುಗ ನೀರು ಕುಡಿಯುತ್ತಲೇ ಇದ್ದ, ತಂಬಿಗೆ ಕೈ ಬಿಡುತ್ತಿರಲಿಲ್ಲ. ಹತ್ತಿರ ಕೂತರೆ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ. ಅದು ಯಾವುದರ ಗುರುತು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ "ಅವರ ನಂಬಿಕೆ, ನಾನ್ಯಾಕೆ ತಲೆ ಹಾಕಲಿ" ಅಂತ ಅರ್ಧ ದಿನ ಸುಮ್ನೆ ಕೂತೆ. ಆ ಅಲಾರಂ ಜಗಳದ ನಾಚಿಕೆ ಇನ್ನೂ ಇತ್ತು ನೋಡಿ, ಮತ್ತೊಬ್ಬರ ದೇವರ ತಂಟೆಗೆ ಹೋಗಬಾರದು ಅಂತ ಪಣ ತೊಟ್ಟಿದ್ದೆ. ಅಲ್ಲಿ ಬಾಯಿ ಬಿಡಬಾರದಿತ್ತು, ಬಿಟ್ಟೆ. ಇಲ್ಲಿ ಬಿಡಬೇಕಿತ್ತು, ಬಿಡಲಿಲ್ಲ.

ಸಂಜೆ ಯಜಮಾನನ ಹತ್ತಿರ ಮಾತಾಡಿದೆ. ವೈದ್ಯಶಾಸ್ತ್ರ ಹೇಳಿದೆ. ಅವನು ಮುಖ ತಿರುಗಿಸಿದ. ನಾನು ಹೊರಗಿನವನು, ಅವನ ಲೆಕ್ಕದಲ್ಲಿ ನಂಬಿಕೆ ಇಲ್ಲದವನು, ನನ್ನ ಬಾಯಲ್ಲಿ ಬಂದ ಸತ್ಯವೂ ಅವನಿಗೆ ಶತ್ರುವಿನ ಮಾತೇ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡೋಣ ಅಂತ ಹೊರಗೆ ಬಂದೆ. ಅದು ಸರಿಯಾದ ದಾರಿಯೇ. ನೀವು ಇಂಥ ಕಡೆ ಸಿಕ್ಕಿಕೊಂಡರೆ ಮಾಡಬೇಕಾದದ್ದೂ ಅದೇ, ಅರ್ಧ ದಿನ ಕೂಡ ಕಾಯಬೇಡಿ. ಫೋನ್ ಕಿವಿಗಿಟ್ಟುಕೊಂಡು ಒಳಗೆ ನೋಡಿದೆ. ಹುಡುಗನ ಅಜ್ಜಿ ಅಡುಗೆಮನೆಯಿಂದ ಬಂದಳು. ಆ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ದೇವರ ಭಯ ಇದ್ದವಳು ಅವಳೇ, ದಿನಕ್ಕೆ ಎಷ್ಟು ಹೊತ್ತು ಪ್ರಾರ್ಥನೆಗೆ ಕೂರುತ್ತಿದ್ದಳೋ ಲೆಕ್ಕವಿಲ್ಲ. ಫ್ರಿಜ್ ತೆಗೆದು, ಇನ್ಸುಲಿನ್ ಡಬ್ಬಿ ತಂದು ಮಗನ ಕೈಯಲ್ಲಿಟ್ಟಳು.

"ಪ್ರಾರ್ಥನೆ ನಾನು ಮಾಡ್ತೀನಿ" ಅಂದಳು. "ಸೂಜಿ ನೀನು ಹಾಕು. ಆಮೇಲೆ ಗಾಡಿ ತೆಗಿ, ಆಸ್ಪತ್ರೆಗೆ ಹೋಗೋಣ."

ಅವನು ಡಬ್ಬಿಯನ್ನೇ ನೋಡುತ್ತಾ ನಿಂತ. ಅಜ್ಜಿ ಹುಡುಗನ ಅಂಗಿ ಮೇಲೆತ್ತಿ ಹಿಡಿದುಕೊಂಡಳು. ಆ ಕಡೆಯಿಂದ ಸಹಾಯವಾಣಿಯವರು ವಿಳಾಸ ಹೇಳಿ ಅನ್ನುತ್ತಿದ್ದರು.